ದೊಡ್ಡವ್ವನ ಭಾನುವಾರದ ಚೀಟಿ

ಆಲಸನತ್ತದ ನಮ್ಮ ಬೀದಿಯ ಮೂಲೆಯಲ್ಲಿ ಇಸ್ತ್ರಿ ಗಾಡಿಯವನು ಗಂಜಿ ಹಾಕಿದ ಸೀರೆಗೆ ನೀರು ಚಿಮುಕಿಸಿ ಕಾದ ಪೆಟ್ಟಿಗೆ ಎಳೆದಾಗ ಏಳುವ ವಾಸನೆಗೆ ಈಗಲೂ ನಿಂತುಬಿಡುತ್ತೇನೆ. ಮೂಕಂಡಪಲ್ಲಿಯ ನಮ್ಮ ಹೆಂಚಿನ ಮನೆಯಲ್ಲಿ ಶನಿವಾರ ಸಂಜೆ ಇದೇ ವಾಸನೆ. ಆ ಜಾಗದಲ್ಲಿ ಈಗ ಫ್ಯಾಕ್ಟರಿ ಕೆಲಸದವರಿಗೆ ಬಾಡಿಗೆ ಕೊಡುವ ನಾಲ್ಕಂತಸ್ತಿನ ಕಟ್ಟಡವಿದೆ. ನಿಮ್ಮ ಮನೆಯೂ ಹೀಗೆ ಹೋಗಿದ್ದರೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಗಂಡನನ್ನು ಕಳೆದುಕೊಂಡು ನಮ್ಮೊಡನಿದ್ದ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಚರ್ಚಿಗೆ ಉಡುವ ಬಿಳಿ ಸೀರೆಯನ್ನು ತಾನೇ ಇಸ್ತ್ರಿ ಮಾಡಿ, ಆಮೇಲೆ ಒಂದು ಗುಟ್ಟಿನ ಕೆಲಸಕ್ಕೆ ಕೂರುತ್ತಿದ್ದಳು. ಭಾನುವಾರ ಬೈಬಲ್ ಪಾಠ ಓದುವವಳು ಅವಳೇ. ನಮ್ಮದು ಗಡಿಗೆ ಅಂಟಿದ ತಮಿಳು ಸೀಮೆ, ಪಾಠವೂ ತಮಿಳಿನದು. ಕೆಲಮಂಗಲದಲ್ಲಿ ಕನ್ನಡ ಶಾಲೆಗೆ ಹೋದ ಅವಳಿಗೆ ತಮಿಳು ಮಾತು ನೀರು ಕುಡಿದಷ್ಟು ಸಲೀಸು, ಅಕ್ಷರ ಮಾತ್ರ ಒಂದೂ ಬಾರದು. ಅವ್ವ ಓದಿ ಹೇಳುವಳು, ದೊಡ್ಡವ್ವ ಆ ತಮಿಳನ್ನು ಕನ್ನಡ ಅಕ್ಷರದಲ್ಲಿ ಚೀಟಿಗೆ ಇಳಿಸಿ ತಮಿಳು ಬೈಬಲಿನೊಳಗೆ ಅಡಗಿಸಿಡುವಳು.

ಇಷ್ಟೇ ಆಗಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ನಮ್ಮ ದೊಡ್ಡವ್ವನಿಗೆ ಜಂಬ ಸ್ವಲ್ಪ ಜಾಸ್ತಿ. ಪಕ್ಕದ ಬೀದಿಯ ರಾಜಮ್ಮ ಹಾಡಿನ ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದಕ್ಕೆ ಎಲ್ಲರೆದುರು, "ಇಷ್ಟು ವರ್ಸ ಇಲ್ಲೇ ಇದ್ದೀಯ, ನಾಕಕ್ಸರ ತಮಿಳು ಕಲಿಯಕ್ಕಾಗ್ಲಿಲ್ವೇನೆ?" ಅಂದುಬಿಟ್ಟಳು. ಗುಟ್ಟು ಗೊತ್ತಿದ್ದ ನನಗೆ ತಲೆ ಎತ್ತಲಾಗಲಿಲ್ಲ. ರಾಜಮ್ಮ ಅಂದಿನಿಂದ ಕೊನೆಯ ಸಾಲಿನಲ್ಲಿ ಕೂರತೊಡಗಿದಳು.

ಮುಂದೊಂದು ಭಾನುವಾರ ದೊಡ್ಡವ್ವ ಬೈಬಲ್ ತೆರೆದಳೋ ಇಲ್ಲವೋ, ಫ್ಯಾನಿನ ಗಾಳಿಗೆ ಚೀಟಿ ಹಾರಿ ಪಾದ್ರಿಯ ಕಾಲ ಬಳಿ ಬಿತ್ತು. ಅವರು ತಿರುನೆಲ್ವೇಲಿ ಕಡೆಯವರು, ಕನ್ನಡ ಓದಲು ಬಾರದು. ಎತ್ತಿ ಹಿಂದೆ ಮುಂದೆ ತಿರುಗಿಸಿ, "ಇದು ಎನ್ನಮ್ಮಾ?" ಎಂದರು. ಅಂಗಡಿ ಸಾಮಾನಿನ ಪಟ್ಟಿ, ಇವತ್ತು ಕನ್ನಡಕ ಮರೆತೆ ಅಂದಿದ್ದರೂ ನಂಬುತ್ತಿದ್ದರು. ಹಾಗೇ ಹೇಳಲಿ ದೇವರೇ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಚರ್ಚಿನಲ್ಲಿ ಕೂತು ಸುಳ್ಳಿಗಾಗಿ ಪ್ರಾರ್ಥನೆ! ದೊಡ್ಡವ್ವ ಕೊನೆಯ ಸಾಲಿನತ್ತ ನೋಡಿದಳು. ಮೊದಲು ಪಾದ್ರಿಗೆ ತಮಿಳಿನಲ್ಲಿ ನಿಜ ಹೇಳಿದಳು. ಆಮೇಲೆ, "ನಂಗೂ ಒಂದಕ್ಸರ ಬರಲ್ಲ ಕಣೆ ರಾಜಮ್ಮ. ಕನ್ನಡದಾಗೆ ಬರ್ಕೊಂಬಂದು ಓದ್ತಿದ್ದೆ. ನಿನ್ನ ಆಡ್ಕೊಂಡಿದ್ದು ತಪ್ಪಾಯ್ತು" ಎಂದಳು. ಪಾದ್ರಿ ಚೀಟಿಯನ್ನು ಅವಳ ಕೈಗಿಟ್ಟು, "ಪಡಿಂಗಮ್ಮಾ" ಎಂದರು, ಓದಿ ಎಂದು. ಚೀಟಿಯನ್ನು ಎಲ್ಲರಿಗೂ ಕಾಣುವಂತೆ ಹಿಡಿದು ದೊಡ್ಡವ್ವ ಓದಿ ಮುಗಿಸಿ ಕೂತಳು. ರಾಜಮ್ಮ ಎದ್ದು ಮುಂದಕ್ಕೆ ಬಂದು, "ವಸಿ ಜರುಗಕ್ಕಾ" ಎಂದು ಅವಳ ಪಕ್ಕ ಜಾಗ ಮಾಡಿಕೊಂಡಳು. ನನಗೆ ಅಳು ಬಂತು, ಯಾಕೆಂದು ಆಗ ತಿಳಿಯಲಿಲ್ಲ.

ಅಲ್ಲಿಯವರೆಗೆ ದೊಡ್ಡವ್ವ ಭಾನುವಾರ ಬೆಳಿಗ್ಗೆ ಏನೂ ತಿನ್ನುತ್ತಿರಲಿಲ್ಲ. ಎಂಥ ಭಕ್ತಿ ಎಂದು ಬೀದಿಯವರೆಲ್ಲ ಹೊಗಳುತ್ತಿದ್ದರು. ಮರುವಾರ ಚರ್ಚಿಗೆ ಹೊರಡುವ ಮೊದಲು ಅವಳು ರಾಗಿ ರೊಟ್ಟಿ ತಿನ್ನುತ್ತಾ ಕೂತದ್ದು ಕಂಡು, "ಇವತ್ತು ಉಪವಾಸ ಇಲ್ವಾ ದೊಡ್ಡವ್ವಾ?" ಅಂದೆ.

"ಯಾವತ್ತಿತ್ತು ಮಗಾ ಉಪವಾಸ? ಭಯಕ್ಕೆ ಗಂಟಲಲ್ಲಿ ಇಳೀತಿರ್ಲಿಲ್ಲ, ಅಷ್ಟೇಯ" ಎಂದು ಇನ್ನೊಂದು ರೊಟ್ಟಿಗೆ ತಟ್ಟೆ ಚಾಚಿದಳು.

ಅವಳು ಹೋಗಿ ಬಹಳ ವರ್ಷವಾಯಿತು. ಉಳಿದ ಅಷ್ಟೂ ಭಾನುವಾರ ಹೊಟ್ಟೆತುಂಬ ತಿಂದೇ ದೇವರ ಮುಂದೆ ಹೋಗಿ ನಿಂತಳು ಎನ್ನುವುದೇ ನನಗೆ ಸಮಾಧಾನ.