ಅಂಟಕ್ಕಿ ಮಗುಚಿದ ಬೆಳಿಗ್ಗೆ

ಎರಡು ಸಾವಿರದ ಇಸವಿಯ ನಂತರದ ಆ ವರ್ಷಗಳಲ್ಲಿ, ಅಮೆರಿಕದಿಂದ ಬೆಂಗಳೂರಿಗೆ ಹೋಗುವಾಗಲೆಲ್ಲ ನಾವು ಲಾವೋಸಿನ ಲುವಾಂಗ್ ಪ್ರಬಾಂಗ್‌ನಲ್ಲಿ ಒಂದು ವಾರ ತಂಗುತ್ತಿದ್ದೆವು. ಮೊದಲ ಸಲ ಹೋದದ್ದು ಊರು ನೋಡಲು. ಆಮೇಲೆಲ್ಲ ನಾವು ಉಳಿದುಕೊಳ್ಳುತ್ತಿದ್ದ ಮನೆಯ ಒಡತಿಗಾಗಿ. ನನಗಿಂತ ದೊಡ್ಡವಳು. ಅಲ್ಲಿಯ ರೂಢಿಯಂತೆ ನನಗೆ ಅವಳು ಅಕ್ಕ, ಅವಳಿಗೆ ನಾನು ತಂಗಿ.

ಆದರೆ ಅಡುಗೆಮನೆಗೆ ಮಾತ್ರ ಬಿಡುತ್ತಿರಲಿಲ್ಲ. ಅವರ ಅಂಟಕ್ಕಿ ಬಿದಿರಿನ ಬುಟ್ಟಿಯೊಳಗೆ ಹಬೆಯಲ್ಲಿ ಬೇಯುತ್ತದೆ. ಅರ್ಧ ಬೆಂದಾಗ ಬುಟ್ಟಿಯನ್ನು ಒಮ್ಮೆ ಎಗರಿಸಿದರೆ ಅನ್ನದ ಗುಡ್ಡೆ ಇಡಿಯಾಗಿ ಮಗುಚಿಕೊಳ್ಳಬೇಕು. "ಇದು ಬರದೇ ಇರೋರು ಗೆಸ್ಟು. ಹೋಗಿ ಕೂತ್ಕೋ" ಎಂದು ನಗುತ್ತಿದ್ದಳು. ನನಗೆ ಆ ಮಾತು ಚುಚ್ಚುತ್ತಿತ್ತು.

ಒಂದು ಬುಟ್ಟಿ ಕೊಂಡು ತಂದು, ಅಮೆರಿಕದ ಲಿನ್‌ವುಡ್‌ನ ನಮ್ಮ ಮನೆಯಲ್ಲಿ ಚಳಿಗಾಲವೆಲ್ಲ ಅಭ್ಯಾಸ ಮಾಡಿದೆ. ಒಲೆಯ ಮೇಲೆಲ್ಲ ಅನ್ನ, ಸ್ವೆಟರಿನ ಮೇಲೂ ಅನ್ನ.

"ಅಮ್ಮಾ, ಜಸ್ಟ್ ಯೂಸ್ ಅ ಸ್ಪೂನ್!" ಎಂದಳು ಮಗಳು.

"ನಿನ್ ಸ್ಪೂನ್ ನೀನೇ ಇಟ್ಕೋ" ಎಂದೆ.

ಬೇಸಿಗೆಯಲ್ಲಿ ಅಕ್ಕ ನಮ್ಮಲ್ಲಿಗೆ ಬಂದಳು. ಮರುದಿನ ಬೆಳಿಗ್ಗೆಯೇ ಒಲೆಯ ಮೇಲಿನ ಬುಟ್ಟಿ ಕಂಡು, ತಾನೇ ಮಗುಚಲು ಅಂಗಿಯ ತೋಳು ಮಡಚಿದಳು.

"ಇಲ್ಲಿ ನೀನು ಗೆಸ್ಟು. ಕೂತ್ಕೋ ಅಕ್ಕಾ" ಎಂದೆ.

ಅವಳು ಕೂರಲಿಲ್ಲ, ಬಾಗಿಲಿಗೊರಗಿ ನಿಂತಳು. ನಾನು ಬುಟ್ಟಿ ಎತ್ತಿ ಎಗರಿಸಿದೆ. ಗುಡ್ಡೆ ಗಾಳಿಯಲ್ಲಿ ಹೊರಳಿ, ಒಂದು ಅಗುಳೂ ಚೆಲ್ಲದೆ, ತಳ ಮೇಲಾಗಿ ಬುಟ್ಟಿಯಲ್ಲೇ ಬಂದು ಕೂತಿತು.

ಅಕ್ಕ ಒಂದು ಚಿಟಿಕೆ ಅನ್ನ ಹಿಸುಕಿ ನೋಡಿದಳು. "ಅಕ್ಕಿ ಸ್ವಲ್ಪ ಜಾಸ್ತಿ ನೆಂದಿದೆ" ಎಂದಳು. ಆಮೇಲೆ, "ನಮ್ಮೂರ ಹೊಸ ವರ್ಷಕ್ಕೆ ಮನೆ ತುಂಬ ನೆಂಟರು. ಬೇಗ ಏಳ್ಬೇಕು ತಂಗಿ, ಅನ್ನದ ಕೆಲಸ ನಿಂದೇ."

ಅಷ್ಟು ಜಂಬದಿಂದ ನಾನು ಇನ್ನಾವ ಅನ್ನವನ್ನೂ ಉಂಡಿಲ್ಲ.