ಜಿಗ್‌ಜಾಗ್ ಮಷೀನು ಮತ್ತು ಬಿ ರಿಪೋರ್ಟು

ಸಾಸ್ವೆಹಳ್ಳಿ ಕಡೆಯ ನಮ್ಮೂರಿನಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಬ್ಲೌಸ್ ಹೊಲಿಯುವುದು, ಸೀರೆಗೆ ಫಾಲ್ ಹಚ್ಚುವುದು, ಅಂಚಿಗೆ ಜಿಗ್‌ಜಾಗ್ ಹಾಕುವುದು ನನ್ನ ಕೆಲಸ. ಒಮ್ಮೆ ತಂಗಿಯ ಮಗುವಿನ ನಾಮಕರಣಕ್ಕೆಂದು ಬಿಳಿಚೋಡಿಗೆ ಹೋಗಿ ಎರಡು ದಿನ ಉಳಿದುಕೊಂಡೆ. ವಾಪಸ್ ಬಂದು ನೋಡಿದರೆ ಅಂಗಡಿಯ ಬೀಗ ಒಡೆದು ಮೆಟ್ಟಿಲ ಮೇಲೆ ಬಿದ್ದಿತ್ತು. ಗಿರಾಕಿಗಳ ಬಟ್ಟೆಯೆಲ್ಲ ಇಟ್ಟಲ್ಲೇ ಇತ್ತು. ಜಿಗ್‌ಜಾಗ್ ಮಷೀನ್ ಮಾತ್ರ ಮಾಯ.

ನನ್ನ ಅನುಮಾನ ಒಬ್ಬನ ಮೇಲೇ ಹೋಯಿತು. ಊರೂರು ತಿರುಗಿ ಹೊಲಿಗೆ ಮಷೀನ್ ರಿಪೇರಿ ಮಾಡುವವನು ಅದರ ಹಿಂದಿನ ವಾರ ಬಂದಿದ್ದ. ಆ ಮಷೀನಿನ ಒಳಗೆ ಒಂದು ಚಕ್ರ ಸವೆದು, ಗೇಣಿಗೊಂದು ಹೊಲಿಗೆ ಗಿಡ್ಡವಾಗಿ ಬೀಳುತ್ತಿತ್ತು. ಅದನ್ನು ಬಿಚ್ಚಿ ನೋಡಿ, "ಇಂಥ ಗಟ್ಟಿ ಮಷೀನ್ ಈಗ ಸಿಗಾಕಿಲ್ಲ ಅಕ್ಕಾರೆ, ಪಾರ್ಟು ಹುಡುಕಿ ತರ್ತೀನಿ" ಎಂದಿದ್ದ. ಸೋಮವಾರ, ಮಂಗಳವಾರ ನಾನು ಊರಲ್ಲಿರುವುದಿಲ್ಲ, ಆಮೇಲೆ ಬಾ ಎಂದು ನನ್ನ ಬಾಯಿಂದಲೇ ಹೇಳಿ ಕಳಿಸಿದ್ದೆ.

ಠಾಣೆಯಲ್ಲಿ ದೂರು ಬರೆದುಕೊಂಡರು, ಎಫ್‌ಐಆರ್ ಆಯಿತು. ಅವನನ್ನು ಕರೆಸಿ ಕೇಳಿದರು. ಅವನು ತಲೆ ಅಲ್ಲಾಡಿಸಿ ಇಲ್ಲವೆಂದ. ಕಳಿಸಿಬಿಟ್ಟರು.

ತಿಂಗಳೆರಡು ಕಳೆದಿತ್ತು. ದಾರ, ಗುಂಡಿ ತರಲು ಹೊನ್ನಾಳಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಮುಂದಿನ ಸೀಟಿನಲ್ಲಿ ಕೂತಿದ್ದ ಹೆಂಗಸಿನ ಸೆರಗು ಹಿಂದಕ್ಕೆ ಜಾರಿ ನನ್ನ ಮುಂದೆಯೇ ಜೋತುಬಿದ್ದಿತ್ತು. ಹೊಲಿಯುವವರ ಕಣ್ಣು ಸುಮ್ಮನಿರುವುದಿಲ್ಲ, ಅಂಚು ನೋಡಿದೆ. ಒಂದು ಹೊಲಿಗೆ ಗಿಡ್ಡ. ಬೆರಳು ಹರವಿ ಗೇಣು ಹಾಕಿದೆ. ಮತ್ತೊಂದು ಗಿಡ್ಡ! ಇನ್ನೊಂದು ಗೇಣು. ಮತ್ತೂ ಒಂದು! ಇದು ನನ್ನ ಮಷೀನಿನದೇ ಹೊಲಿಗೆ!

ಆಕೆ ಥಟ್ಟನೆ ತಿರುಗಿದಳು. "ಯಾಕ್ರೀ, ನನ್ ಸೀರೆ ಅಳೀತಿದೀರಾ?"

"ತಪ್ಪು ತಿಳ್ಕೋಬೇಡ್ರಿ ಅಕ್ಕಾರೆ. ಈ ಜಿಗ್‌ಜಾಗ್ ಎಲ್ಲಿ ಹಾಕ್ಸಿದ್ರಿ?"

"ಚನ್ನಗಿರಿಯಾಗೆ. ನಮ್ ತವರು ಅಲ್ಲೇ ಐತೆ. ಯಾಕೆ, ಚೆನ್ನಾಗಿಲ್ವಾ?"

"ಬಾಳ ಚೆನ್ನಾಗೈತೆ!" ಎಂದೆ. ಜೀವಮಾನದಲ್ಲಿ ಯಾವ ಹೊಲಿಗೆಯನ್ನೂ ಅಷ್ಟು ಮನಸಾರೆ ಹೊಗಳಿರಲಿಲ್ಲ. ಅಂಗಡಿಯ ಗುರುತು ಕೇಳಿಕೊಂಡೆ. ಹೊನ್ನಾಳಿಯಲ್ಲಿ ಇಳಿದವಳು ದಾರವನ್ನೂ ಕೊಳ್ಳಲಿಲ್ಲ, ಗುಂಡಿಯನ್ನೂ ಕೊಳ್ಳಲಿಲ್ಲ. ಸೀದಾ ಚನ್ನಗಿರಿಯ ಹಾದಿ ಹಿಡಿದೆ.

ಚಿಕ್ಕ ಅಂಗಡಿ. ನನ್ನ ವಯಸ್ಸಿನ ಒಬ್ಬಳೇ ಹೆಂಗಸು ಕೂತು ಹೊಲಿಯುತ್ತಿದ್ದಳು. ಮೂಲೆಯಲ್ಲಿ ನನ್ನ ಮಷೀನ್! ಕಪ್ಪಗಿದ್ದುದಕ್ಕೆ ಹಸಿರು ಬಣ್ಣ ಬಳಿದಿದ್ದರು. ಆದರೆ ಹನ್ನೊಂದು ವರ್ಷ ಅದರ ಮುಂದೆ ಕೂತು ತುಳಿದ ಮಷೀನು, ಬಣ್ಣ ಬದಲಾದರೆ ನನಗೆ ಗೊತ್ತಾಗದೆ ಇರುತ್ತದೆಯೇ?

"ಇದನ್ನ ಯಾರತ್ರ ತಗೊಂಡ್ರಿ ಅಕ್ಕಾರೆ? ಇದು ನಂದು. ಕಳುವಾಗಿತ್ತು."

ಆಕೆ ದಡಕ್ಕನೆ ಎದ್ದು ನಿಂತಳು. "ನಾನು ಕದ್ದಿಲ್ಲ, ದುಡ್ಡು ಕೊಟ್ಟು ತಗೊಂಡೀನಿ. ಹೋಗ್ರಿ ಇಲ್ಲಿಂದ" ಎಂದು ಶಟರ್ ಅರ್ಧ ಎಳೆದುಬಿಟ್ಟಳು.

ನಾನು ಠಾಣೆಗೆ ತಿಳಿಸಿದೆ. ಪೊಲೀಸರು ಹೋಗಿ ಕೇಳಿದಾಗಲೂ ಹೆದರಿದ ಆಕೆ, ಯಾರೋ ದಾರಿಯಲ್ಲಿ ಹೋಗುವವನು ಮಾರಿದ, ಮುಖ ನೆನಪಿಲ್ಲ ಎಂದಳಂತೆ. ಮಷೀನಿನ ನಂಬರನ್ನು ಉಜ್ಜಿ ಅಳಿಸಿದ್ದರು. ನನ್ನ ಬಳಿ ಕೊಂಡ ಬಿಲ್ಲು ಇರಲಿಲ್ಲ. ತನಿಖೆ ಮಾಡಿದ ಅಧಿಕಾರಿ ಒರಟು ಮನುಷ್ಯನೇನಲ್ಲ. "ನಿಮ್ ಮಾತು ನಂಬ್ತೀನಮ್ಮ. ಆದ್ರೆ ನಂಬಿಕೆ ಮೇಲೆ ಚಾರ್ಜ್‌ಶೀಟ್ ಹಾಕಾಕೆ ಬರಲ್ಲ" ಎಂದರು. ಕೆಲವು ವಾರಗಳಾದ ಮೇಲೆ ಕೋರ್ಟಿನಿಂದ ನೋಟಿಸ್ ಬಂತು. ಸಾಕ್ಷಿ ಸಾಲದ ಕಾರಣ ಪೊಲೀಸರು ಬಿ ರಿಪೋರ್ಟ್ ಸಲ್ಲಿಸಿದ್ದಾರೆ, ಆಕ್ಷೇಪಣೆ ಇದ್ದರೆ ಹಾಜರಾಗಬೇಕು ಎಂದು ಅದರಲ್ಲಿತ್ತು.

"ಬಿ ರಿಪೋರ್ಟ್ ಅಂದ್ರೆ ಕೇಸು ಮುಗೀತು ಅಂತ. ಹೊಸಾ ಮಷೀನ್ ನೋಡು" ಎಂದರು ಮನೆಯವರು. ನನಗೆ ಅಂಟಿಕೊಂಡದ್ದು 'ಆಕ್ಷೇಪಣೆ ಇದ್ದರೆ' ಎಂಬ ಎರಡು ಪದ. ಇದೆಯಲ್ಲ! ಬೆಟ್ಟದಷ್ಟಿದೆ!

ಹೊನ್ನಾಳಿ ಕೋರ್ಟಿನಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಸಿಗುತ್ತದೆಂದು ಕೇಳಿ ಅಲ್ಲಿಗೆ ಹೋದೆ. ಒಬ್ಬ ವಕೀಲೆಯನ್ನು ಕೊಟ್ಟರು. ನನಗಿಂತ ಚಿಕ್ಕವರು, ಮಾತು ಚುರುಕು. ನೋಟಿಸ್ ಓದಿ ನಕ್ಕರು.

"ಇದು ಪೊಲೀಸರ ಅಭಿಪ್ರಾಯ ಅಷ್ಟೇ ಕಣ್ರೀ. ಒಪ್ಪೋದು ಬಿಡೋದು ಜಡ್ಜ್ ಸಾಹೇಬ್ರ ಕೈಯಾಗೈತೆ. ನಾವು ತಕರಾರು ಅರ್ಜಿ ಹಾಕಾಣ. ಅವರು ಇನ್ನೂ ತನಿಖೆ ಮಾಡ್ರಿ ಅಂತ ವಾಪಸ್ ಕಳಿಸಬಹುದು. ಇಲ್ಲಾಂದ್ರೆ ನಿಮ್ಮನ್ನೇ ಕಟಕಟೆಗೆ ಕರೆದು, ಪ್ರಮಾಣ ಮಾಡ್ಸಿ ಹೇಳಿಕೆ ತಗೊಂಡು, ಆ ಮನುಷ್ಯಂಗೆ ಕೋರ್ಟಿಂದಾನೇ ಸಮನ್ಸ್ ಕಳಿಸಬಹುದು."

"ಇಲ್ಲಿ ಆಗಲ್ಲ ಅಂದ್ರೆ?"

"ದಾವಣಗೆರೆ ಸೆಷನ್ಸ್ ಕೋರ್ಟ್ ಐತಲ್ಲ, ಮೇಲೆ ಹೋಗಾಣ. ಆದ್ರೆ ಬರೀ ಅನುಮಾನ ಇದ್ರೆ ಎಲ್ಲೂ ನಡೆಯಲ್ಲ. ಮಷೀನ್ ನಿಮ್ದೇ ಅನ್ನಾಕೆ ಏನೈತೆ? ಅವನೇ ಮಾರಿದ ಅನ್ನಾಕೆ ಏನೈತೆ?"

ಮೊದಲನೆಯದಕ್ಕೆ ನನ್ನಲ್ಲಿ ಉತ್ತರ ತಯಾರಿತ್ತು. ಎರಡನೆಯದಕ್ಕೆ ಚನ್ನಗಿರಿಯ ಆ ಹೆಂಗಸೇ ಬಾಯಿ ಬಿಡಬೇಕಿತ್ತು. "ಅವರಿಗೆ ಕೇಸು ಸುತ್ಕೊಳ್ಳುತ್ತಾ ಮೇಡಂ?" ಎಂದು ಕೇಳಿದೆ. ಕಳುವಿನ ಮಾಲೆಂದು ಗೊತ್ತಿಲ್ಲದೆ ಕೊಂಡವರು ಕಳ್ಳರಲ್ಲ, ಅವರು ಸಾಕ್ಷಿಯಾಗಿ ನಿಜ ಹೇಳಬಹುದು ಎಂದರು.

ಆ ಮಾತನ್ನು ಕೈಯಲ್ಲಿ ಹಿಡಿದವಳಂತೆ ಮತ್ತೆ ಚನ್ನಗಿರಿಗೆ ಓಡಿದೆ. ಶಟರ್ ಎಳೆಯುವ ಮೊದಲೇ ಹೇಳಿಬಿಟ್ಟೆ: "ಜಗಳಕ್ಕೆ ಬಂದಿಲ್ಲ ಅಕ್ಕಾರೆ. ನಿಮಗೂ ಮೋಸ ಆಗೈತೆ, ನನಗೂ ಆಗೈತೆ."

ಆಕೆ ಕೈಲಿದ್ದ ಕತ್ತರಿಯನ್ನು ಕೆಳಗಿಟ್ಟಳು. ಆಮೇಲೆ ಮೊಬೈಲ್ ತೆಗೆದಳು. "ಪೊಲೀಸ್ರು ಬಂದಾಗ ಹೆದರಿ ಸುಳ್ಳು ಹೇಳ್ದೆ ಕಣ್ರೀ. ದುಡ್ಡು ಫೋನಲ್ಲೇ ಹಾಕಿದ್ದೆ. ನೋಡ್ರಿ."

ಪರದೆಯ ಮೇಲೆ ಹೆಸರು ಇತ್ತು. ನನ್ನ ದೂರಿನಲ್ಲಿ ಬರೆಸಿದ್ದ ಅದೇ ಹೆಸರು! ಹಣ ಹೋದ ದಿನ, ನಾನು ಬಿಳಿಚೋಡಿನಿಂದ ಬಂದ ಮರುದಿನ. ನಾನು ಕೂಗಿಯೇಬಿಟ್ಟೆ. ಪಕ್ಕದ ಅಂಗಡಿಯವರು ಏನಾಯಿತೆಂದು ಬಂದು ಇಣುಕಿದರು.

ವಿಚಾರಣೆಯ ದಿನ ಒಂದು ಚೀಲದ ತುಂಬ ಸೀರೆ ಹೊತ್ತು ಹೋದೆ. ಕಳುವಿಗೆ ಮುಂಚೆ ನಾನು ಅಂಚು ಹಾಕಿದ ಸೀರೆಗಳನ್ನು ಗಿರಾಕಿಗಳ ಮನೆಮನೆಗೆ ಹೋಗಿ ಬೇಡಿ ತಂದಿದ್ದೆ. ಕಳುವಿನ ನಂತರ ಚನ್ನಗಿರಿಯಲ್ಲಿ ಹೊಲಿದವನ್ನು ಆಕೆ ತಂದಿದ್ದಳು. ಅರ್ಜಿಯ ಜೊತೆ ಆಕೆಯ ಪ್ರಮಾಣಪತ್ರ, ಹಣ ಕಳಿಸಿದ ದಾಖಲೆ ಎರಡೂ ಇದ್ದವು. ಅವನ್ನು ಓದಿದ ನ್ಯಾಯಾಧೀಶರು ನನ್ನತ್ತ ನೋಡಿ, "ಮಷೀನ್ ನಿಮ್ಮದೇ ಅಂತ ಹೇಗೆ ಹೇಳ್ತೀರಿ?" ಎಂದರು.

ಸೀರೆ ಬಿಚ್ಚಿದ ಕೂಡಲೇ ಹೆದರಿಕೆ ಹೋಯಿತು. "ಸ್ವಾಮಿ, ಇಲ್ಲೊಂದು ಗಿಡ್ಡ. ಗೇಣು ಬಿಟ್ಟು ಇಲ್ಲೊಂದು. ಇದು ನಮ್ಮೂರಾಗೆ ಹೊಲಿದದ್ದು. ಇದು ಚನ್ನಗಿರಿದು, ಇದ್ರಾಗೂ ಹಂಗೇ ಐತೆ." ಎರಡು ಸೀರೆಗಳನ್ನು ಜೊತೆಗಿಟ್ಟು ಹಿಡಿದೆ. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು. ಹಿಂದೆ ಕೂತಿದ್ದ ವಕೀಲರೆಲ್ಲ ಕತ್ತು ಚಾಚಿದರು.

ಮುಂದಿನ ವಾರ ಆದೇಶ ಬಂತು. ಬಿ ರಿಪೋರ್ಟ್ ಒಪ್ಪಿಲ್ಲ, ಹೆಚ್ಚಿನ ತನಿಖೆ ಆಗಬೇಕು. ವಕೀಲೆ ಓದಿ ಹೇಳುತ್ತಿದ್ದಂತೆ ಅವರ ಎರಡೂ ಕೈ ಹಿಡಿದು ಅಲ್ಲಾಡಿಸಿದೆ. ಅವರ ಕೈಲಿದ್ದ ಫೈಲು ಕೆಳಗೆ ಬಿತ್ತು.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ಅದೇ ಅಧಿಕಾರಿ ಬ್ಯಾಂಕಿನ ದಾಖಲೆ ತರಿಸಿದರು, ಮಷೀನನ್ನು ವಶಕ್ಕೆ ಪಡೆದರು, ರಿಪೇರಿಯವನ ಮೇಲೆ ಚಾರ್ಜ್‌ಶೀಟ್ ಹಾಕಿದರು. ಕೇಸು ಮುಗಿಯುವ ತನಕ ಮಾರಬಾರದು, ಬಣ್ಣ ಬದಲಿಸಬಾರದು, ಕರೆದಾಗ ತರಬೇಕು ಎಂಬ ಷರತ್ತಿನ ಬಾಂಡ್ ಬರೆಸಿಕೊಂಡು ಕೋರ್ಟು ಮಷೀನನ್ನು ನನಗೆ ಕೊಟ್ಟಿತು. ಗೂಡ್ಸ್ ಆಟೋದಲ್ಲಿ ಅದರ ಪಕ್ಕವೇ ಕೂತು ಊರಿಗೆ ತಂದೆ.

ಚನ್ನಗಿರಿಯವಳಿಗೆ ಮಷೀನೂ ಇಲ್ಲ, ಕೊಟ್ಟ ಹಣವೂ ಇಲ್ಲ. ಆ ಹಣ ವಾಪಸ್ ಕೇಳಲು ಅವಳದೇ ಬೇರೆ ದಾವೆ ಹಾಕಬಹುದೆಂದು ವಕೀಲೆ ಹೇಳಿದ್ದಾರೆ, ಕಾಗದ ತಯಾರಾಗುತ್ತಿದೆ. ಅಲ್ಲಿಯವರೆಗೆ ಅವಳ ಅಂಗಡಿಗೆ ಬರುವ ಸೀರೆಗಳಿಗೆ ನಾನೇ ಜಿಗ್‌ಜಾಗ್ ಹಾಕಿ ಕಳಿಸುತ್ತೇನೆ.

ಸಾಕ್ಷಿ ಹೇಳಲು ಇಬ್ಬರಿಗೂ ಸಮನ್ಸ್ ಬಂದಿದೆ. ರಿಪೇರಿಯವನ ಪರ ವಕೀಲರು ಅಡ್ಡ ಪ್ರಶ್ನೆ ಕೇಳುತ್ತಾರಂತೆ. "ನನಗೆ ಭಯ ಕಣ್ರೀ" ಎಂದು ಅವಳು ದಿನಾ ಫೋನು ಮಾಡುತ್ತಾಳೆ. ನನಗೆ ಭಯವಿಲ್ಲ. ಆ ದಿನ ಉಡುವ ಸೀರೆಯನ್ನು ಈಗಾಗಲೇ ಇಸ್ತ್ರಿ ಮಾಡಿಟ್ಟಿದ್ದೇನೆ.