ಯಾರನ್ನೂ ನಂಬದ ಲಾಯದ ಕಾಕಾ

ಉಣಕಲ್ ಕೆರೆಯಾಚೆ ನಾನು ಸವಾರಿ ಕಲಿಯುತ್ತಿದ್ದ ಲಾಯದಲ್ಲಿ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದ ಕಾಕಾ ಯಾರನ್ನೂ ನಂಬುತ್ತಿರಲಿಲ್ಲ. ನೆನೆಸಿದ ಕಡಲೆಯನ್ನು ಮೊದಲು ತಾವು ಮೂಸಿ, ನೀರನ್ನು ಬೊಗಸೆಯಲ್ಲಿ ಕುಡಿದು ನೋಡಿಯೇ ಕುದುರೆಯ ಮುಂದಿಡುತ್ತಿದ್ದರು. "ಮಂದಿ ಕೈ ಹೆಂಗಿರತಾವೋ, ಯಾರಿಗ್ಗೊತ್ತರಿ?" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ, ಜಿಗಿತದ ಸ್ಪರ್ಧೆಗೆ ತಯಾರಾಗುತ್ತಿದ್ದ ಕಂದು ಹೆಣ್ಣುಕುದುರೆ ಸವಾರರಿಲ್ಲದೆ ಅಡ್ಡಗಂಬವನ್ನು ಸಲೀಸಾಗಿ ದಾಟಿ, ನಾಲ್ಕು ಹೆಜ್ಜೆ ಹಾಕಿ ಕುಸಿದುಬಿತ್ತು. ನಾವು ಓಡಿ ಹೋಗುವಷ್ಟರಲ್ಲಿ ಉಸಿರು ನಿಂತಿತ್ತು. ಕಾಕಾ ನನ್ನ ಮಣಿಕಟ್ಟು ಹಿಡಿದರು.

"ಮುಂಜಾನೆ ನೀವು ಅದಕ್ಕ ಏನೋ ತಿನಿಸಿದ್ರಿ. ಖರೇ ಹೇಳ್ರಿ ಅಕ್ಕಾರ."

"ಒಂದು ಗಜ್ಜರಿ ಕಾಕಾ, ಅಷ್ಟ."

ಕೊಟ್ಟಿದ್ದು ಬರೀ ಕ್ಯಾರೆಟ್ಟೇ ಆದರೂ ನನ್ನ ಮಾತು ನನಗೇ ಸುಳ್ಳೆನಿಸಿತು.

ಮಧ್ಯಾಹ್ನ ಪಶುವೈದ್ಯರು ಕೊಯ್ದು ತೋರಿಸಿದರು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಹರಿದು, ಎದೆಗೂಡಿನ ತುಂಬ ರಕ್ತ ನಿಂತಿತ್ತು.

"ವಿಷ ಅಲ್ರಿ ಕಾಕಾ. ಇದು ಹೊರಗಿಂದ ಯಾರಿಗೂ ಕಾಣೂದಿಲ್ಲ," ಎಂದರು.

ಕಾಕಾ ನನ್ನ ಕಡೆ ನೋಡಲಿಲ್ಲ.

ಮರುದಿನ ನಾನು ಜೀನು ಹೊತ್ತು ಹೋದಾಗ ಅವರು ಬಿಳಿ ಕುದುರೆಯ ಪಕ್ಕೆಗೆ ಕಿವಿ ಹಚ್ಚಿ ನಿಂತಿದ್ದರು.

"ನಿಮ್ಮ ಮ್ಯಾಲಿನ ಸಂಶೇ ಹೋತರಿ ಅಕ್ಕಾರ. ಈಗ ಇದರ ಎದಿ ಮ್ಯಾಲ ಬಂದೈತಿ. ಇವತ್ತ ಜೀನು ಹಾಕಬ್ಯಾಡ್ರಿ."

ನಾನು ಜೀನನ್ನು ಕೆಳಗಿಟ್ಟು, ಅವರ ಪಕ್ಕದಲ್ಲೇ ನಿಂತು ಕಿವಿ ಹಚ್ಚಿದೆ.